ಮೊದಲು ಸಿಪಾಯಿಯೋ, ನೇರ ಆಫೀಸರೋ?

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ, 1983ನೇ ಸಾಲಿನ ಎಸ್.ಎಸ್.ಎಲ್.ಸಿ. ತಂಡದ, ಭೂಸೇನೆಯಲ್ಲಿ ಲೆಫ್ಟಿನೆಂಟ್ ಕರ್ನಲ್ ಆಗಿ ನಿವೃತ್ತರಾದ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಸಂಘಟಕರು ನನಗೆ ‘ದೇಶಸೇವೆ’ ಎಂಬ ವಿಷಯ ಕೊಟ್ಟಿದ್ದರು. ಅದು ದೊಡ್ಡ ವಿಷಯ. ಅದರ ಮೇಲೆ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ನಿವೃತ್ತನಾಗಿ ಊರಿಗೆ ಬಂದು ನಾಲ್ಕು ವರ್ಷವಾಯಿತು. ಈ ನಾಲ್ಕು ವರ್ಷದಲ್ಲಿ ನಮ್ಮ ಮನೆಯ ಕಟ್ಟೆಗೆ ಬಂದು ಕೂತ ತಂದೆ ತಾಯಂದಿರು ದೇಶಸೇವೆ ಎಂದರೇನು ಎಂದು ಕೇಳಿಲ್ಲ. ಅವರು ಕೇಳುವುದು ಬೇರೆಯೇ: “ಸಾಹೇಬ್ರ, ನಮ್ಮ ಹುಡುಗ ಪಿಯುಸಿ ಮುಗಿಸ್ಯಾನ. ಭರ್ತಿಗೆ ಹೋಗ್ತೀನಂತಾನ. ಕಳಿಸ್ಲೋ, ಇನ್ನೂ ಓದಿಸ್ಲೋ? ನೀವು ಸಿಪಾಯಿಯಾಗಿ ಹೋಗಿ ಆಫೀಸರ್ ಆಗಿ ಬಂದ್ರಲ್ಲ, ಇವನೂ ಹಂಗ ಆಗಬಹುದಲ್ಲ?” ಇವತ್ತು ಆ ಪ್ರಶ್ನೆಗೆ ಎಲ್ಲರೆದುರು ಉತ್ತರ ಹೇಳೋಣ ಎಂದು ಬಂದಿದ್ದೇನೆ.

ಮೊದಲು ಸೈನ್ಯದ ಮೆಟ್ಟಿಲುಗಳನ್ನು ತಿಳಿಯೋಣ. ನಮ್ಮೂರಲ್ಲಿ ಹಸಿರು ಸಮವಸ್ತ್ರ ಹಾಕಿದವರೆಲ್ಲ ‘ಮಿಲ್ಟ್ರಿಯವರು’. ಒಳಗೆ ಮೂರು ಅಂತಸ್ತು ಇದೆ. ಮೊದಲನೆಯದು ಸಿಪಾಯಿ, ಲ್ಯಾನ್ಸ್ ನಾಯಕ್, ನಾಯಕ್, ಹವಾಲ್ದಾರ್. ಅದರ ಮೇಲೆ ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್. ಇವರನ್ನು ಜೆ.ಸಿ.ಓ. ಎನ್ನುತ್ತಾರೆ. ಸಿಪಾಯಿಯಾಗಿ ಸೇರಿದವನು ಸೇವೆ, ಪರೀಕ್ಷೆ, ನಡತೆಯ ಬಲದಿಂದ ಇಲ್ಲಿಯವರೆಗೆ ಏರುತ್ತಾನೆ. ಮೂರನೆಯದು ಲೆಫ್ಟಿನೆಂಟ್‌ನಿಂದ ಶುರುವಾಗುವ ಆಫೀಸರ್‌ಗಳ ಅಂತಸ್ತು. ಎರಡನೆಯದರಿಂದ ಮೂರನೆಯದಕ್ಕೆ ಬಡ್ತಿಯ ಏಣಿ ಇಲ್ಲ. ಅಲ್ಲಿಗೆ ಬೇರೆ ಬಾಗಿಲಿನಿಂದಲೇ ಹೋಗಬೇಕು.

ಆ ಬಾಗಿಲುಗಳು ಹಲವು. ಹನ್ನೆರಡನೆಯ ತರಗತಿಯ ಹಂತದಲ್ಲಿ ಎನ್.ಡಿ.ಎ. ಇದೆ. ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ಪದವಿಯ ನಂತರ ಸಿ.ಡಿ.ಎಸ್. ಪರೀಕ್ಷೆ ಇದೆ. ಡೆಹ್ರಾಡೂನಿನ ಭಾರತೀಯ ಸೇನಾ ಅಕಾಡೆಮಿಗೆ ಹೋಗುವವರಿಗೆ 24ರವರೆಗೆ, ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಗೆ 25ರವರೆಗೆ. ಎರಡು ಪರೀಕ್ಷೆಗಳನ್ನೂ ಯು.ಪಿ.ಎಸ್.ಸಿ. ವರ್ಷಕ್ಕೆ ಎರಡು ಸಲ ನಡೆಸುತ್ತದೆ. ಇವು ಹೊರಗಿನಿಂದ ಬರುವವರ ಬಾಗಿಲುಗಳು. ಒಳಗಿನವರಿಗೆ, ಅಂದರೆ ಸಿಪಾಯಿಯಾಗಿ ಸೇವೆಯಲ್ಲಿ ಇರುವವರಿಗೆ, ಆರ್ಮಿ ಕೆಡೆಟ್ ಕಾಲೇಜು ಇದೆ. ನಾವು ಎ.ಸಿ.ಸಿ. ಎನ್ನುತ್ತೇವೆ. 1929ರಲ್ಲಿ ಮಧ್ಯಭಾರತದ ನೌಗಾಂವ್‌ನಲ್ಲಿ ಕಿಚನರ್ ಕಾಲೇಜು ಎಂಬ ಹೆಸರಿನಲ್ಲಿ ಶುರುವಾದದ್ದು ಅದು. ಪುಣೆಗೆ ಹೋಗಿ, 1977ರಲ್ಲಿ ಡೆಹ್ರಾಡೂನ್ ಸೇರಿತು. ಕನಿಷ್ಠ ಎರಡು ವರ್ಷ ಸೇವೆಯಾಗಿರಬೇಕು, ಹನ್ನೆರಡನೆಯ ತರಗತಿ ಪಾಸಾಗಿರಬೇಕು, ವಯಸ್ಸು 20ರಿಂದ 27ರ ಒಳಗಿರಬೇಕು. ಅದನ್ನು ದಾಟಿದವರಿಗೂ 35ರವರೆಗೆ ಇನ್ನೊಂದು ಮಾರ್ಗ ಇದೆ, ಸ್ಪೆಷಲ್ ಕಮಿಷನ್ಡ್ ಆಫೀಸರ್ ಎಂದು ಅದರ ಹೆಸರು.

ಈ ಎಲ್ಲ ಬಾಗಿಲುಗಳ ಮೇಲೂ ಒಂದೊಂದು ವಯಸ್ಸು ಬರೆದಿದೆ. ಮಕ್ಕಳೇ, ಇವತ್ತಿನ ಭಾಷಣದಲ್ಲಿ ಬೇರೇನೂ ನೆನಪಿಡದಿದ್ದರೂ ಅದೊಂದನ್ನು ನೆನಪಿಡಿ. ಸೈನ್ಯದಲ್ಲಿ ಬಡವ ಶ್ರೀಮಂತ ಎಂದು ಯಾರೂ ಕೇಳುವುದಿಲ್ಲ, ಜನ್ಮ ದಿನಾಂಕ ಮಾತ್ರ ತಪ್ಪದೆ ಕೇಳುತ್ತಾರೆ.

ಇನ್ನು ನನ್ನ ದಾರಿ. 1985ರಲ್ಲಿ ನಾನು ಪಿಯುಸಿ ಪಾಸಾದೆ. ಮನೆಯಲ್ಲಿ ನಾಲ್ಕು ಎಕರೆ ಒಣ ಬೇಸಾಯ. ಮೂವರು ತಂಗಿಯರು. ಅಪ್ಪನಿಗೆ ಸೊಸೈಟಿಯಲ್ಲಿ ಸಾಲ. ಮಳೆ ಕೈಕೊಟ್ಟ ವರ್ಷ. ಎನ್.ಡಿ.ಎ. ಎಂಬುದು ಇದೆ ಎಂದು ನಮ್ಮ ಹೈಸ್ಕೂಲಿನ ಡ್ರಿಲ್ ಮಾಸ್ತರರು ಹೇಳಿದ್ದರು. ಅದರ ಪರೀಕ್ಷೆಗೆ ಓದುತ್ತಾ ಕೂರುವುದಕ್ಕೆ ಒಂದು ವರ್ಷ ಬೇಕಿತ್ತು. ಆ ವರ್ಷವನ್ನು ನಮ್ಮ ಮನೆ ಸಾಕುವ ಸ್ಥಿತಿಯಲ್ಲಿ ಇರಲಿಲ್ಲ. ಬೆಳಗಾವಿಯ ಭರ್ತಿಗೆ ಹೋದೆ. ಓಡಿದೆ, ಆಯ್ಕೆಯಾದೆ, ಬೆಂಗಳೂರಿನ ಹಲಸೂರು ಕೆರೆಯ ದಂಡೆಯಲ್ಲಿರುವ ಮದ್ರಾಸ್ ಇಂಜಿನಿಯರ್ ಗ್ರೂಪಿನ ಕೇಂದ್ರದಲ್ಲಿ ಸ್ಯಾಪರ್ ಆದೆ. ಇಂಜಿನಿಯರ್ ದಳದಲ್ಲಿ ಸಿಪಾಯಿಗೆ ಸ್ಯಾಪರ್ ಎನ್ನುತ್ತಾರೆ. ಮೊದಲ ಸಂಬಳದ ಮನಿ ಆರ್ಡರ್ ಅವ್ವನ ಕೈಗೆ ಬಂದ ದಿನ ಮನೆಯಲ್ಲಿ ಹೋಳಿಗೆ ಮಾಡಿದ್ದರಂತೆ. ಆ ನಿರ್ಧಾರ ಸರಿಯಾಗಿತ್ತು. ಇವತ್ತು ಅದೇ ಮನೆ, ಅದೇ ಮಳೆ, ಅದೇ ಸಾಲ ಇದ್ದರೆ ಇವತ್ತೂ ಅದನ್ನೇ ಮಾಡುತ್ತೇನೆ.

ಆಫೀಸರ್ ಆಗುವ ಯೋಚನೆ ಹುಟ್ಟಿದ್ದು ಯೂನಿಟ್ಟಿಗೆ ಹೋದ ಮೇಲೆ. ಅಲ್ಲಿ ಶಿಕ್ಷಣ ದಳದ ಒಬ್ಬ ಹವಾಲ್ದಾರ್ ಇದ್ದರು, ಕೇರಳದವರು. ಸಂಜೆ ಹೊತ್ತು ಪರೀಕ್ಷೆ ಕಟ್ಟುವವರಿಗೆ ಪಾಠ ಮಾಡುತ್ತಿದ್ದರು. ನಾನು ಪಿಯುಸಿ ಪಾಸಾದವನು ಎಂದು ಗೊತ್ತಾದ ಮೇಲೆ ಬಿಡಲಿಲ್ಲ. “ನಿನಗೆ ಹತ್ತೊಂಬತ್ತು. ಇನ್ನು ಎಂಟು ವರ್ಷ ಇದೆ. ಎಂಟು ವರ್ಷದಲ್ಲಿ ಒಂದು ಭಾಷೆ ಕಲಿಯಲಾರೆಯಾ?” ಎಂದರು. ಅವರು ಹೇಳಿದ ಭಾಷೆ ಇಂಗ್ಲಿಷು. ನಾನು ಈ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವನು. ಗಣಿತ, ವಿಜ್ಞಾನ ನಮ್ಮ ಗುರುಗಳು ಎಷ್ಟು ಗಟ್ಟಿಯಾಗಿ ಕಲಿಸಿದ್ದರೆಂದರೆ ಅದರಲ್ಲಿ ನನಗೆ ತೊಂದರೆಯೇ ಆಗಲಿಲ್ಲ. ಇಂಗ್ಲಿಷ್ ಮಾತ್ರ ಓದಿದರೆ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಮೂರು ವರ್ಷ ಬಿಡದೆ ದಿನಕ್ಕೊಂದು ಪುಟ ಗಟ್ಟಿಯಾಗಿ ಓದಿದೆ. ಬ್ಯಾರಕ್ಕಿನಲ್ಲಿ ಜೊತೆಯವರು ನಗುತ್ತಿದ್ದರು, ರಾತ್ರಿ ಪಾಳಿಯಲ್ಲಿ ಅವರೇ ನನ್ನ ಪುಸ್ತಕ ಹಿಡಿದು ಪ್ರಶ್ನೆ ಕೇಳುತ್ತಿದ್ದರು.

ಲಿಖಿತ ಪರೀಕ್ಷೆ ಪಾಸಾಗಿ ಅಲಹಾಬಾದಿನ ಆಯ್ಕೆ ಮಂಡಳಿಗೆ, ಅಂದರೆ ಎಸ್.ಎಸ್.ಬಿ.ಗೆ, ಹೋದೆ. ಎನ್.ಡಿ.ಎ. ಹುಡುಗನಿಗೂ ಸಿ.ಡಿ.ಎಸ್. ಪದವೀಧರನಿಗೂ ಸಿಪಾಯಿಗೂ ಅದೇ ಬಗೆಯ ಪರೀಕ್ಷೆ. ಚಿತ್ರ ತೋರಿಸಿ ಕಥೆ ಬರೆಸುತ್ತಾರೆ. ಹಲಗೆ, ಹಗ್ಗ, ಪೀಪಾಯಿ ಕೊಟ್ಟು ತಂಡವಾಗಿ ಅಡ್ಡಿ ದಾಟಿ ಎನ್ನುತ್ತಾರೆ. ಒಬ್ಬ ಹಿರಿಯ ಅಧಿಕಾರಿ ಸಂದರ್ಶನ ಮಾಡುತ್ತಾರೆ. ಜೋರಾಗಿ ಮಾತಾಡುವವನನ್ನು ಅವರು ಹುಡುಕುವುದಿಲ್ಲ. ತಂಡದ ಕೆಲಸ ನಿಂತಾಗ ಯಾರು ಅದನ್ನು ಮುಂದೆ ತಳ್ಳುತ್ತಾನೆ ಎಂದು ನೋಡುತ್ತಾರೆ. ನನ್ನ ಸಂದರ್ಶನದಲ್ಲಿ ನಮ್ಮ ಅಪ್ಪ ಏನು ಬೆಳೆಯುತ್ತಾರೆ ಎಂದು ಕೇಳಿದರು. ಜೋಳ, ಹತ್ತಿ ಎಂದೆ. ಹತ್ತಿಗೆ ಎಷ್ಟು ಖರ್ಚು, ಎಷ್ಟು ಉಳಿಯುತ್ತದೆ, ಹಾಗಾದರೆ ಯಾಕೆ ಬೆಳೆಯುತ್ತೀರಿ ಎಂದು ಅರ್ಧ ತಾಸು ಅದೇ ಮಾತು. ಮುರುಕು ಇಂಗ್ಲಿಷಿನಲ್ಲಿ ಲೆಕ್ಕ ಸಮೇತ ಹೇಳಿದೆ. ನಮ್ಮ ತಂಡದಿಂದ ನಾಲ್ವರು ಆಯ್ಕೆಯಾದೆವು. ಹಳ್ಳಿಯ ಬದುಕು ಗೊತ್ತಿರುವುದು ಅಲ್ಲಿ ಕೊರತೆಯಲ್ಲ ಎಂದು ಹೇಳಲಿಕ್ಕೆ ಇದನ್ನು ಹೇಳಿದೆ.

ಆಮೇಲೆ ಎ.ಸಿ.ಸಿ.ಯಲ್ಲಿ ಮೂರು ವರ್ಷ. ಅಲ್ಲಿ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದ ಪದವಿ ಸಿಗುತ್ತದೆ. ನಂತರ ಸೇನಾ ಅಕಾಡೆಮಿಯಲ್ಲಿ ಒಂದು ವರ್ಷ. ಆ ನಾಲ್ಕು ವರ್ಷವೂ ಮನೆಗೆ ಹಣ ಕಳಿಸುವುದು ನಿಲ್ಲಲಿಲ್ಲ. ಒಳಗಿನ ಬಾಗಿಲಿನ ದೊಡ್ಡ ಅನುಕೂಲ ಅದು, ದುಡಿಯುತ್ತಾ ಓದಬಹುದು. 1993ರಲ್ಲಿ, ನನ್ನ 26ನೇ ವಯಸ್ಸಿನಲ್ಲಿ, ಆಫೀಸರನ ನಕ್ಷತ್ರ ಹೆಗಲಿಗೆ ಬಂತು. ಪರೇಡಿನ ದಿನ ಅಪ್ಪ ಅವ್ವ ಡೆಹ್ರಾಡೂನಿಗೆ ಬಂದಿದ್ದರು. ಅವ್ವ ಅಲ್ಲಿಯವರೆಗೆ ರೈಲು ಹತ್ತಿದವಳಲ್ಲ.

ಇಷ್ಟು ಕೇಳಿದರೆ ನಿಮಗೆ ‘ಹಾಗಾದರೆ ಎಲ್ಲರೂ ಹೀಗೆಯೇ ಹೋಗಬಹುದಲ್ಲ’ ಎನಿಸುತ್ತದೆ. ಅದಕ್ಕೇ ಇದರ ಬೆಲೆಯನ್ನೂ ಹೇಳಬೇಕು.

ಮೊದಲನೆಯ ಬೆಲೆ ವರ್ಷಗಳು. ಎನ್.ಡಿ.ಎ. ಮೂಲಕ ಬಂದ ಹುಡುಗ 21–22ಕ್ಕೆ ಲೆಫ್ಟಿನೆಂಟ್. ನಾನು ಆಫೀಸರ್ ಆದದ್ದು 26ಕ್ಕೆ. ಕೆಲವರು 28ಕ್ಕೆ, 30ಕ್ಕೆ. ಎರಡು ವರ್ಷಕ್ಕೆ ಕ್ಯಾಪ್ಟನ್, ಆರಕ್ಕೆ ಮೇಜರ್, ಹದಿಮೂರಕ್ಕೆ ಲೆಫ್ಟಿನೆಂಟ್ ಕರ್ನಲ್, ಇದು ಕಾಲಮಾನದ ಬಡ್ತಿ. ಅದರ ಮೇಲಿನದು ಆಯ್ಕೆಯ ಬಡ್ತಿ. ಲೆಫ್ಟಿನೆಂಟ್ ಕರ್ನಲ್‌ಗೂ ಕರ್ನಲ್‌ಗೂ 54ಕ್ಕೆ ನಿವೃತ್ತಿ. ತಡವಾಗಿ ಶುರು ಮಾಡಿದವನ ಗಡಿಯಾರ ಮೇಲಿನ ಹುದ್ದೆಗಳಿಗೆ ಮುನ್ನವೇ ನಿಂತುಬಿಡುವುದು ಹೆಚ್ಚು. ನನ್ನ ಜೊತೆ ಪರೇಡು ಮಾಡಿದ, ನನಗಿಂತ ನಾಲ್ಕೈದು ವರ್ಷ ಚಿಕ್ಕವರಾದವರಲ್ಲಿ ಜನರಲ್ ಆದವರಿದ್ದಾರೆ. ನನಗೆ ಅದರ ಬಗ್ಗೆ ಕೊರಗಿಲ್ಲ. ನಿಮ್ಮ ಮಗನಿಗೆ ದಾರಿ ಆರಿಸುವಾಗ ಮಾತ್ರ ಈ ಲೆಕ್ಕ ಗೊತ್ತಿರಲಿ.

ಎರಡನೆಯ ಬೆಲೆ ಗೆಳೆತನ. ಒಂದೇ ತಟ್ಟೆಯಲ್ಲಿ ಉಂಡವರಿಗೆ ನಾಳೆ ಆಜ್ಞೆ ಕೊಡಬೇಕು. ಕಮಿಷನ್ ಆದ ಮೇಲೆ ನನ್ನನ್ನು ಆರ್ಮಿ ಸರ್ವೀಸ್ ಕೋರ್‌ಗೆ, ಅಂದರೆ ರೇಷನ್, ಇಂಧನ, ಸಾಗಾಣಿಕೆ ನೋಡುವ ದಳಕ್ಕೆ, ಹಾಕಿದರು. ಒಮ್ಮೆ ಬೆಂಗಳೂರಿಗೆ ಬಂದಾಗ ಹಲಸೂರಿಗೆ ಹೋದೆ. ನನಗೆ ರೈಫಲ್ ಹಿಡಿಯಲು ಕಲಿಸಿದ ಉಸ್ತಾದ್ ಎದುರಿಗೆ ಸಿಕ್ಕರು. ನಾನು ಓಡಿ ಹೋಗಿ ಕೈ ಹಿಡಿಯಬೇಕೆನ್ನುವಷ್ಟರಲ್ಲಿ ಅವರು ಕಾಲು ಜೋಡಿಸಿ ಸೆಲ್ಯೂಟ್ ಹೊಡೆದರು. “ಉಸ್ತಾದ್, ನೀವು ಹೀಗೆ…” ಎಂದೆ. “ಸಾಹೇಬ್, ನಾನು ಸೆಲ್ಯೂಟ್ ಮಾಡದಿದ್ದರೆ ನಿಮಗೆ ಕಲಿಸಿದ್ದೆಲ್ಲ ಸುಳ್ಳಾಗುತ್ತದೆ” ಎಂದರು. ಆಮೇಲೆ ಕ್ಯಾಂಟೀನಿನಲ್ಲಿ ಚಹಾ ಕುಡಿದೆವು, ಮೊದಲಿನಂತೆಯೇ ಬೈದರು. ಈ ದಾರಿಯಲ್ಲಿ ಹೋಗುವವನು ಇಂಥ ದಿನಗಳಿಗೆ ಸಿದ್ಧನಿರಬೇಕು.

ಸಿಕ್ಕಿದ್ದೂ ಇದೆ. ಲೇಹ್‌ನಲ್ಲಿ ನಾನು ಕ್ಯಾಪ್ಟನ್ ಆಗಿದ್ದಾಗ ಚಳಿಗಾಲದ ಮುಂಚೆ ದಾಸ್ತಾನು ಮಾಡುವ ಕೆಲಸ. ಜೋಜಿಲಾ ಕಣಿವೆ ಹಿಮದಿಂದ ಮುಚ್ಚುವುದರೊಳಗೆ ತಿಂಗಳುಗಳಿಗೆ ಬೇಕಾದ ಅಕ್ಕಿ, ಬೇಳೆ, ಸೀಮೆಎಣ್ಣೆ ಮೇಲಕ್ಕೆ ಸಾಗಬೇಕು. ಅಂಥ ಹೊತ್ತಿನಲ್ಲಿ ಬಿಹಾರದ ಒಬ್ಬ ಚಾಲಕ ಹತ್ತು ದಿನ ರಜೆ ಕೇಳಿದ. ಕಾರಣ ಏನೆಂದರೆ ಹೊಲದ ಅಳತೆ. “ಅಳತೆಗೆ ಇವನೇ ಯಾಕೆ ಬೇಕು?” ಎಂದು ಜೊತೆಯ ಅಧಿಕಾರಿ ಕೇಳಿದರು. ಅವರು ಒಳ್ಳೆಯವರು, ನಗರದಲ್ಲಿ ಬೆಳೆದವರು. ಮೋಜಣಿಯವರು ಸರಪಳಿ ಎಳೆಯುವ ದಿನ ಹೊಲದ ಬದುವಿನಲ್ಲಿ ಮನೆಯ ಗಂಡುಮಗ ನಿಂತಿರದಿದ್ದರೆ ಏನಾಗುತ್ತದೆ ಎಂದು ನಮ್ಮೂರಲ್ಲಿ ಹುಟ್ಟಿದ ಯಾರಿಗಾದರೂ ಗೊತ್ತು. ನಾನು ಹೇಳಿದೆ, ಅವನಿಗೆ ರಜೆ ಸಿಕ್ಕಿತು. ಹನ್ನೊಂದನೆಯ ದಿನ ಬೆಳಿಗ್ಗೆ ಅವನು ಲಾರಿಯ ಚಕ್ರದ ಹಿಂದೆ ಕೂತಿದ್ದ. ಡೆಹ್ರಾಡೂನಿನ ಅಕಾಡೆಮಿಯಲ್ಲಿ ಕಲಿಸುವ ಮೊದಲ ಪಾಠ: ದೇಶ ಮೊದಲು, ನಿನ್ನ ಸೈನಿಕರು ಆಮೇಲೆ, ನೀನು ಕೊನೆಗೆ. ಸಿಪಾಯಿಯಾಗಿದ್ದವನಿಗೆ ಆ ನಡುವಿನ ಮಾತನ್ನು ಬಿಡಿಸಿ ಹೇಳಬೇಕಾಗುವುದಿಲ್ಲ.

ಈ ದಾರಿಯಲ್ಲಿ ಹೋದವರಲ್ಲಿ ನಾವೆಲ್ಲ ನೆನೆಯಬೇಕಾದವರು ಕರ್ನಲ್ ಹೋಶಿಯಾರ್ ಸಿಂಗ್ ದಹಿಯಾ. ಹರಿಯಾಣದ ರೈತರ ಮನೆಯ ಮಗ. 1957ರಲ್ಲಿ ಜಾಟ್ ರೆಜಿಮೆಂಟಿನಲ್ಲಿ ಸಿಪಾಯಿಯಾಗಿ ಸೇರಿ, 1963ರಲ್ಲಿ ಗ್ರೆನೆಡಿಯರ್ಸ್‌ನಲ್ಲಿ ಅಧಿಕಾರಿಯಾದವರು. 1971ರ ಯುದ್ಧದಲ್ಲಿ ಬಸಂತರ್ ನದಿಯಾಚೆ ಜರ್ಪಾಲ್‌ನಲ್ಲಿ ಗಾಯಗೊಂಡರೂ ಹಿಂದೆ ಸರಿಯದೆ, ಕಂದಕದಿಂದ ಕಂದಕಕ್ಕೆ ಹೋಗಿ ತಮ್ಮ ಸೈನಿಕರಿಗೆ ಧೈರ್ಯ ತುಂಬಿದರು. ಪರಮವೀರ ಚಕ್ರವನ್ನು ಬದುಕಿದ್ದಾಗಲೇ ಪಡೆದವರಲ್ಲಿ ಅವರೊಬ್ಬರು.

ಆದರೆ ‘ಆಫೀಸರ್ ಆದವನೇ ಗೆದ್ದವನು’ ಎಂದು ನನ್ನ ಮಾತಿಗೆ ಅರ್ಥ ಹಚ್ಚಬೇಡಿ. ನನ್ನ ಜೊತೆ ಅದೇ ದಿನ, ಅದೇ ಸಾಲಿನಲ್ಲಿ ನಿಂತು ಭರ್ತಿಯಾದ ಗೆಳೆಯನೊಬ್ಬ ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾನೆ. ಹೆಸರು ಹೇಳಿದರೆ ಅವನಿಗೆ ಸಿಟ್ಟು ಬರುತ್ತದೆ, ಹೇಳುವುದಿಲ್ಲ. ಈ ಶಾಲೆಯಲ್ಲಿ ನನಗಿಂತ ಹೆಚ್ಚು ಅಂಕ ತೆಗೆದವನು. ಎ.ಸಿ.ಸಿ. ಅರ್ಜಿ ತಂದುಕೊಟ್ಟಾಗ ಬೇಡವೆಂದ. “ನನಗೆ ಈ ಹುಡುಗರ ಜೊತೆ ಇರೋದೇ ಇಷ್ಟ” ಎಂದ. ಸೇತುವೆ ಕಟ್ಟುವುದರಲ್ಲಿ, ನೆಲದಲ್ಲಿ ಹುಗಿದ ಸ್ಫೋಟಕ ತೆಗೆಯುವುದರಲ್ಲಿ ಅವನಷ್ಟು ಪಳಗಿದ ಕೈ ನಮ್ಮ ಯೂನಿಟ್ಟಿನಲ್ಲಿ ಇರಲಿಲ್ಲ. ಸುಬೇದಾರ್ ಮೇಜರ್ ಆದ. ನಿವೃತ್ತಿಯ ವೇಳೆಗೆ ಗೌರವ ಕ್ಯಾಪ್ಟನ್ ಪದವಿಯೂ ಬಂತು. ಯೂನಿಟ್ಟಿನ ಕಮಾಂಡಿಂಗ್ ಆಫೀಸರ್ ಕೂಡ ಜವಾನರ ವಿಷಯದಲ್ಲಿ ಸುಬೇದಾರ್ ಮೇಜರನ್ನು ಕೇಳದೆ ಹೆಜ್ಜೆ ಇಡುವುದಿಲ್ಲ. ಅದು ಯಾವ ಲೆಕ್ಕದಿಂದಲೂ ಸಣ್ಣ ಬದುಕಲ್ಲ.

ನಮ್ಮದೇ ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನೆನೆಯಿರಿ. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ 19,000 ಅಡಿಗೂ ಮೇಲೆ ಹಿಮದ ರಾಶಿಯ ಕೆಳಗೆ ಸಿಲುಕಿ, ದಿನಗಳ ನಂತರ ಉಸಿರಿರುವಾಗಲೇ ಸಿಕ್ಕವರು. ದೆಹಲಿಯ ಆಸ್ಪತ್ರೆಯಲ್ಲಿ ಅವರು ಉಳಿಯಲಿ ಎಂದು ಇಡೀ ದೇಶ ಹರಕೆ ಹೊತ್ತಿತು. ಆಗ ಅವರ ಹುದ್ದೆ ಯಾವುದು ಎಂದು ಯಾರೂ ತೂಗಲಿಲ್ಲ.

ಹಾಗಾದರೆ ವ್ಯತ್ಯಾಸ ಏನು? ಸಂಬಳದ್ದು ಇದ್ದೇ ಇದೆ. ಏಳನೇ ವೇತನ ಆಯೋಗದ ಪ್ರಕಾರ ಸಿಪಾಯಿಯ ಮೂಲವೇತನ 21,700 ರೂಪಾಯಿಯಿಂದ, ಲೆಫ್ಟಿನೆಂಟಿನದು 56,100ರಿಂದ ಶುರು. ಸಂಬಳಕ್ಕಿಂತ ಹೆಚ್ಚಿನದು ಕೆಲಸದ ಬಗೆ. ಸಿಪಾಯಿ ತನ್ನ ಕೈಯ ಕೆಲಸಕ್ಕೆ ಉತ್ತರ ಹೇಳಬೇಕು. ಆಫೀಸರ್ ಮೂವತ್ತು ಜನರ, ನೂರು ಜನರ ಕೆಲಸಕ್ಕೆ, ಜೀವಕ್ಕೆ ಉತ್ತರ ಹೇಳಬೇಕು. ರಾತ್ರಿ ನಿದ್ದೆ ಬಿಟ್ಟು ಆ ಭಾರ ಹೊರಲು ಮನಸ್ಸಿದ್ದವನು ಆಫೀಸರ್ ಆಗಲು ನೋಡಲಿ. ಬರೀ ಜೀಪು, ಬಂಗಲೆ, ಸೆಲ್ಯೂಟಿಗೆ ಆಸೆಪಟ್ಟು ಹೋಗುವವನನ್ನು ಆಯ್ಕೆ ಮಂಡಳಿಯವರು ಐದು ದಿನದಲ್ಲಿ ಕಂಡುಹಿಡಿಯುತ್ತಾರೆ.

ಈಗ ಬಹಳ ಮುಖ್ಯವಾದ ಮಾತು. ತಂದೆ ತಾಯಂದಿರು ದಯವಿಟ್ಟು ಗಮನ ಕೊಡಿ. ನನ್ನ ಕಾಲದಲ್ಲಿ ಹಿರಿಯರು ‘ಮೊದಲು ಒಳಗೆ ಹೋಗು, ಆಮೇಲೆ ನೋಡೋಣ’ ಎನ್ನುತ್ತಿದ್ದರು. ಒಳಗೆ ಹೋದವನಿಗೆ ಕನಿಷ್ಠ 15 ವರ್ಷದ ಸೇವೆ, ಪಿಂಚಣಿ ಇತ್ತು. ಆ ನೆಲದ ಮೇಲೆ ನಿಂತು ಮೇಲಕ್ಕೆ ನೋಡಬಹುದಿತ್ತು. 2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಬಂತು. ಈಗ ಸಿಪಾಯಿಯ ಭರ್ತಿ ಅಗ್ನಿವೀರನಾಗಿ. ವಯಸ್ಸು ಹದಿನೇಳೂವರೆಯಿಂದ ಶುರು, ಅವಧಿ ನಾಲ್ಕು ವರ್ಷ. ಯೋಜನೆಯ ಪ್ರಕಾರ ಒಂದು ತಂಡದ ಶೇ. 25ರವರೆಗೆ ಕಾಯಂ ಮಾಡಿಕೊಳ್ಳುತ್ತಾರೆ. ಮೊದಲ ವರ್ಷ ತಿಂಗಳಿಗೆ 30,000, ನಾಲ್ಕನೆಯ ವರ್ಷ 40,000. ಅದರಲ್ಲಿ ಶೇ. 30 ಸೇವಾನಿಧಿಗೆ ಹೋಗುತ್ತದೆ, ಸರ್ಕಾರವೂ ಅಷ್ಟೇ ಸೇರಿಸುತ್ತದೆ. ಹೊರಬರುವಾಗ ಬಡ್ಡಿ ಸೇರಿ ಸುಮಾರು 11.71 ಲಕ್ಷ ಕೈಗೆ ಬರುತ್ತದೆ. ಪಿಂಚಣಿ ಇಲ್ಲ. ಯೋಜನೆ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಗೆ ಇದು ವೇದಿಕೆಯಲ್ಲ. ನಮ್ಮ ಮಕ್ಕಳ ಮಟ್ಟಿಗೆ ಅದರ ಅರ್ಥ ಇಷ್ಟು: ‘ಆಮೇಲೆ ನೋಡೋಣ’ ಎನ್ನುವ ‘ಆಮೇಲೆ’ ಈಗ ನಾಲ್ಕು ವರ್ಷಕ್ಕೆ ಬಂದು ನಿಂತಿದೆ. ನನ್ನನ್ನು ತೋರಿಸಿ ‘ಅವರು ಹಾಗೆ ಆದರಲ್ಲ’ ಎನ್ನುವ ಮುಂಚೆ ಈ ಬದಲಾವಣೆಯನ್ನು ಲೆಕ್ಕಕ್ಕೆ ಹಿಡಿಯಿರಿ.

ಹಾಗಾಗಿ ಯಾರು ಏನು ಮಾಡಬೇಕು? ನನಗೆ ತೋಚಿದ್ದನ್ನು ಒಂದೊಂದಾಗಿ ಹೇಳುತ್ತೇನೆ.

ಮನೆ ಇನ್ನೆರಡು ವರ್ಷ ತಡೆದೀತು, ಹುಡುಗ ಅಥವಾ ಹುಡುಗಿಗೆ ಓದಿನಲ್ಲಿ ಹಿಡಿತ ಇದೆ ಎಂದಾದರೆ, ಮೊದಲು ನೇರ ಆಫೀಸರ್ ಬಾಗಿಲನ್ನೇ ತಟ್ಟಿ. ಪಿಯುಸಿ ಮೊದಲ ವರ್ಷದಿಂದಲೇ ಎನ್.ಡಿ.ಎ.ಗೆ ಸಿದ್ಧತೆ ಶುರುವಾಗಲಿ. ಗಣಿತಕ್ಕೆ 300 ಅಂಕ, ಇಂಗ್ಲಿಷ್ ಸೇರಿದ ಸಾಮಾನ್ಯ ಸಾಮರ್ಥ್ಯಕ್ಕೆ 600, ಎಸ್.ಎಸ್.ಬಿ.ಗೆ 900. ಕಲಾ ವಿಭಾಗದವರೂ ಭೂಸೇನೆಗೆ ಬರೆಯಬಹುದು, ಗಣಿತದ ಪತ್ರಿಕೆ ಮಾತ್ರ ಅವರಿಗೂ ತಪ್ಪಿದ್ದಲ್ಲ. 19 ದಾಟಿದರೆ ಕೈಬಿಡಬೇಡಿ, ಪದವಿ ಓದಿ, ಕಾಲೇಜಿನಲ್ಲಿ ಎನ್.ಸಿ.ಸಿ. ಸೇರಿ ‘ಸಿ’ ಪ್ರಮಾಣಪತ್ರ ಪಡೆಯಿರಿ. ಅದಿದ್ದ ಪದವೀಧರರಿಗೆ ಯು.ಪಿ.ಎಸ್.ಸಿ. ಲಿಖಿತ ಪರೀಕ್ಷೆ ಇಲ್ಲದೆಯೇ ಎಸ್.ಎಸ್.ಬಿ.ಗೆ ಹೋಗುವ ವಿಶೇಷ ಪ್ರವೇಶ ಇದೆ.

ಮನೆ ತಡೆಯಲಾರದು, ಈಗಲೇ ದುಡಿಮೆ ಬೇಕು ಎಂದಾದರೆ, ಸಂಕೋಚ ಬೇಡ, ಅಗ್ನಿವೀರನಾಗಿ ಹೋಗಲಿ. ಪ್ರವೇಶ ಪರೀಕ್ಷೆಯನ್ನು ಈಗ ಕನ್ನಡದಲ್ಲೂ ಬರೆಯಬಹುದು. ಆದರೆ ಹೋಗುವಾಗಲೇ ಒಂದು ಯೋಜನೆ ಕೈಯಲ್ಲಿರಲಿ. ಸಾಧ್ಯವಾದರೆ ಎಸ್.ಎಸ್.ಎಲ್.ಸಿ.ಗೇ ಓಡದೆ ಪಿಯುಸಿ ಮುಗಿಸಿ ಹೋಗಲಿ. ಸೇರಿದ ವರ್ಷವೇ ದೂರಶಿಕ್ಷಣದಲ್ಲಿ ಪದವಿಗೆ ಹೆಸರು ಹಚ್ಚಲಿ. ಇಗ್ನೊ ವಿಶ್ವವಿದ್ಯಾಲಯದಲ್ಲಿ ಅಗ್ನಿವೀರರಿಗಾಗಿಯೇ ರೂಪಿಸಿದ ಮೂರು ವರ್ಷದ ಪದವಿ ಇದೆ, ಸೈನ್ಯದ ತರಬೇತಿಗೂ ಅದರಲ್ಲಿ ಅಂಕ ಇದೆ. 18ಕ್ಕೆ ಸೇರಿದವನು 22ಕ್ಕೆ ನಾಲ್ಕು ವರ್ಷ ಮುಗಿಸುತ್ತಾನೆ. ಕೈಯಲ್ಲಿ ಪದವಿ ಇದ್ದರೆ, ಕಾಯಂ ಆಗದಿದ್ದರೂ, ಸಿ.ಡಿ.ಎಸ್.ಗೆ ಅವನಿಗೆ ಇನ್ನೂ ವಯಸ್ಸು ಇರುತ್ತದೆ. ಆ ಹೊತ್ತಿಗೆ ಅವನಿಗೆ ಓಡುವುದು, ಹೊರುವುದು, ನಸುಕಿನಲ್ಲಿ ಏಳುವುದು ಯಾರೂ ಕಲಿಸಬೇಕಾಗಿಲ್ಲ. ಪದವಿ ಇಲ್ಲದಿದ್ದರೆ ಅದೇ 22ಕ್ಕೆ ಬಾಗಿಲು ಕಣ್ಣೆದುರಿದ್ದರೂ ಒಳಗೆ ಹೋಗಲಾಗುವುದಿಲ್ಲ. ಕಾಯಂ ಆದವನು ಎ.ಸಿ.ಸಿ.ಯ 27ರ ಗಡಿಯನ್ನು ಟ್ರಂಕಿನ ಮುಚ್ಚಳದ ಒಳಗೆ ಬರೆದಿಟ್ಟುಕೊಳ್ಳಲಿ.

ಹೆಣ್ಣುಮಕ್ಕಳ ತಂದೆ ತಾಯಂದಿರಿಗೆ ಒಂದು ಮಾತು. ನಾವು ಓದುವಾಗ ಈ ದಾರಿ ನಿಮ್ಮ ಮಗಳಿಗೆ ಇರಲಿಲ್ಲ, ಈಗ ಇದೆ. ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಲ್ಲಿ ಮಹಿಳಾ ಸೈನಿಕರ ಮೊದಲ ತಂಡ 2021ರಲ್ಲಿ ತರಬೇತಿ ಮುಗಿಸಿತು. ಎನ್.ಡಿ.ಎ.ಗೆ 2022ರಲ್ಲಿ ಹೆಣ್ಣುಮಕ್ಕಳು ಮೊದಲ ಸಲ ಸೇರಿದರು. ಅವರಲ್ಲಿ 17 ಮಂದಿ 2025ರ ಮೇ ತಿಂಗಳಲ್ಲಿ ಅಲ್ಲಿಂದ ಹೊರಬಂದರು. ಮುಂದಿನ ತಂಡಗಳಲ್ಲಿ ನಮ್ಮ ಶಾಲೆಯ ಹುಡುಗಿ ಯಾಕಿರಬಾರದು?

ಇನ್ನೊಂದು ಎಚ್ಚರಿಕೆ. ಸೈನ್ಯದ ಭರ್ತಿಗೆ ಲಂಚವಿಲ್ಲ, ದಲ್ಲಾಳಿಯಿಲ್ಲ. ‘ಇಷ್ಟು ಲಕ್ಷ ಕೊಡಿ, ಒಳಗೆ ನಮ್ಮವರಿದ್ದಾರೆ’ ಎಂದು ಯಾರಾದರೂ ಮನೆಗೆ ಬಂದರೆ ಚಹಾ ಕೊಡಿ, ಹಣ ಕೊಡಬೇಡಿ. ಹೊಲ ಒತ್ತೆ ಇಟ್ಟು ಕೊಟ್ಟವರ ಕಣ್ಣೀರು ನಾನು ನೋಡಿದ್ದೇನೆ. ವಯಸ್ಸು, ದಿನಾಂಕ, ನಿಯಮಗಳನ್ನು ಆಯಾ ವರ್ಷದ ಸರ್ಕಾರಿ ಪ್ರಕಟಣೆಯಲ್ಲೇ ಓದಿ. ಇವತ್ತಿನ ನನ್ನ ಅಂಕಿಗಳೂ ಮುಂದೆ ಬದಲಾಗಬಹುದು.

ಗುರುಗಳಿಗೆ ಒಂದು ವಿನಂತಿ. ನಮ್ಮ ಮಕ್ಕಳು ಓಟದಲ್ಲಿ ಸೋಲುವುದಿಲ್ಲ, ಧೈರ್ಯದಲ್ಲಿ ಸೋಲುವುದಿಲ್ಲ. ಸೋಲುವುದು ಇಂಗ್ಲಿಷಿನಲ್ಲಿ, ಮತ್ತು ಬಾಗಿಲು ಇದೆ ಎಂದು ತಿಳಿಯದೆ ಇರುವುದರಲ್ಲಿ. ಎಂಟನೆಯ ತರಗತಿಯಿಂದಲೇ ದಿನಕ್ಕೆ ಒಂದು ಪುಟ ಇಂಗ್ಲಿಷ್ ಗಟ್ಟಿಯಾಗಿ ಓದಿಸಿ. ಕನ್ನಡದಲ್ಲಿ ಚೆನ್ನಾಗಿ ಯೋಚಿಸಲು ಬಂದ ಮಗುವಿಗೆ ಇನ್ನೊಂದು ಭಾಷೆ ಭಾರವಾಗುವುದಿಲ್ಲ. ಪ್ರಾರ್ಥನೆಯ ಕಟ್ಟೆಯ ಪಕ್ಕದ ಗೋಡೆಯ ಮೇಲೆ ಎನ್.ಡಿ.ಎ., ಸಿ.ಡಿ.ಎಸ್., ಎ.ಸಿ.ಸಿ., ಅಗ್ನಿವೀರ ಈ ನಾಲ್ಕರ ವಯಸ್ಸನ್ನು ದೊಡ್ಡ ಅಕ್ಷರದಲ್ಲಿ ಬರೆಸಿ. ಬಣ್ಣದ ಖರ್ಚು ನಮ್ಮ 1983ರ ತಂಡದ್ದು.

ಗೆಳೆಯ ಗೌರವ ಕ್ಯಾಪ್ಟನ್ ಮತ್ತು ನಾನು ಮಾತಾಡಿಕೊಂಡಿದ್ದೇವೆ. ಜೂನ್‌ನಿಂದ ಪ್ರತಿ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಈ ಮೈದಾನದಲ್ಲಿ ಇರುತ್ತೇವೆ. ಅವನು ಓಡಿಸುತ್ತಾನೆ, ನಾನು ಓದಿಸುತ್ತೇನೆ. ಸಿಪಾಯಿಯಾಗಲು ಬರುವವರೂ ಬರಲಿ, ಆಫೀಸರ್ ಆಗಲು ಬರುವವರೂ ಬರಲಿ, ಯಾವುದೆಂದು ಇನ್ನೂ ಗೊತ್ತಿಲ್ಲದವರಂತೂ ಮೊದಲು ಬರಲಿ. ಬರುವಾಗ ಒಂದು ನೋಟ್‌ಬುಕ್, ಒಂದು ನೀರಿನ ಬಾಟಲಿ, ಮತ್ತು ಜನ್ಮ ದಿನಾಂಕದ ದಾಖಲೆ ತನ್ನಿ.



ಜೈ ಹಿಂದ್. ಜೈ ಕರ್ನಾಟಕ.